ಗಂಟು ಹಾಕಿದವಳು ನಾನೇ

ಹಗ್ಗ ಹರಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ‘ಟಪ್’ ಅಂದಿತು, ಅಷ್ಟೆ. ಮರುಗಳಿಗೆಯಲ್ಲಿ ಹಲಸಿನ ಕೊಂಬೆ ಕಾಫಿ ಗಿಡಗಳ ಮೇಲೆ ಬಿದ್ದಿತ್ತು. ಕೆಳಗೆ ಹಗ್ಗ ಹಿಡಿದು ನಿಂತಿದ್ದ ಅಣ್ಣನ ಹೆಗಲಿಗೂ ಅದಕ್ಕೂ ಇದ್ದ ಅಂತರ ಒಂದು ಗೇಣು. ಅವರು ಏನೂ ಮಾತಾಡಲಿಲ್ಲ. ಪಕ್ಕಕ್ಕೆ ಹೋಗಿ ಕುಳಿತು ನೀರು ಕೇಳಿದರು. ನಾನು ತಂದುಕೊಟ್ಟ ಚೊಂಬು ಅವರ ಕೈಯಲ್ಲಿ ನಡುಗುತ್ತಿತ್ತು.

ಆ ಹಗ್ಗಕ್ಕೆ ಗಂಟು ಹಾಕಿದವಳು ನಾನು.

ಆಲೂರು ತಾಲ್ಲೂಕಿನ ಪಾಳ್ಯದ ಕಡೆಯವರಿಗೆ ಮರಗಸಿ ಅಂದರೇನೆಂದು ಹೇಳಬೇಕಾಗಿಲ್ಲ. ಬೇರೆ ಊರಿನ ಗೆಳೆಯರಿಗಾಗಿ ಹೇಳುತ್ತೇನೆ. ಕಾಫಿ ಗಿಡಕ್ಕೆ ನೆರಳು ಬೇಕು. ಆದರೆ ಮಳೆಗಾಲದಲ್ಲಿ ನೆರಳು ಹೆಚ್ಚಾದರೆ ತೇವ ಆರದೆ ಕಾಯಿ ಕೊಳೆತು ಉದುರುತ್ತದೆ. ಅದಕ್ಕೇ ಮಳೆ ಹಿಡಿಯುವ ಮುಂಚೆ ಸಿಲ್ವರ್, ಹಲಸು, ಅತ್ತಿ ಮರಗಳ ಕೊಂಬೆಗಳನ್ನು ಕಡಿಸುತ್ತಾರೆ. ಬಿದಿರೇಣಿ, ಸೊಂಟದಲ್ಲೊಂದು ಕತ್ತಿ, ಒಂದಿಷ್ಟು ಹಗ್ಗ: ಮರಗಸಿಯವರ ಸಲಕರಣೆ ಇಷ್ಟೇ. ಪಂಪ್‌ಸೆಟ್ ಮನೆಯ ಮೇಲೋ ಒಳ್ಳೆಯ ಗಿಡದ ಮೇಲೋ ಬೀಳುವಂತಿರುವ ಕೊಂಬೆಯನ್ನು ಮಾತ್ರ ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸುತ್ತಾರೆ.

ಇಂಟರ್ನಲ್ಸ್ ಮುಗಿಸಿ ಹಾಸನದಿಂದ ಊರಿಗೆ ಬಂದಿದ್ದ ನಾನು ಅವತ್ತು ಸುಮ್ಮನೆ ತೋಟಕ್ಕೆ ಹೋಗಿದ್ದೆ. ಹಗ್ಗ ಸಾಲಲಿಲ್ಲ. ಇನ್ನೊಂದು ತುಂಡು ತಂದು ಎರಡನ್ನೂ ಸೇರಿಸಿ, ಎರಡು ಸಲ ಬಿಗಿದು, ‘ಗಟ್ಟಿ ಇದೆ ಅಣ್ಣ’ ಎಂದು ಕೊಟ್ಟೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ಹುಡುಗಿ ಹೇಳಿದ್ದಾಳೆ ಅಂತ ಯಾರೂ ಮತ್ತೆ ಎಳೆದು ನೋಡಲಿಲ್ಲ.

ಸಂಜೆ ತಾತ ಹರಿದ ತುದಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ‘ನೋಡು ಮಗ, ಗಂಟಿನ ಬುಡದಲ್ಲೇ ಹರಿದೈತೆ. ಹಗ್ಗ ಯಾವಾಗ್ಲೂ ಅಲ್ಲೇ ಹರಿಯೋದು’ ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪುಸ್ತಕದಲ್ಲೇ ಇತ್ತು

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯೋಚಿಸುತ್ತಾ ಹೋದಂತೆ, ನಾನು ಪರೀಕ್ಷೆಗೆ ಓದಿ ಅಂಕ ತೆಗೆದುಕೊಂಡ ವಿಷಯವೇ ಇದು ಎಂದು ಗೊತ್ತಾಯಿತು.

ಮೊದಲನೆಯದು, ಗಂಟು. ನೇರವಾಗಿರುವ ಹಗ್ಗದಲ್ಲಿ ಎಲ್ಲ ಎಳೆಗಳೂ ಭಾರವನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಗಂಟಿನಲ್ಲಿ ಹಗ್ಗ ಚಿಕ್ಕ ಸುತ್ತಿನಲ್ಲಿ ಬಾಗುತ್ತದೆ. ಬಾಗಿದ ಕಡೆ ಹೊರ ಅಂಚಿನ ಎಳೆಗಳು ಹಿಗ್ಗಿ ಪೂರ್ತಿ ಭಾರ ಹೊರುತ್ತವೆ, ಒಳ ಅಂಚಿನವು ಸಡಿಲವಾಗಿ ಸುಮ್ಮನಿರುತ್ತವೆ. ಮೇಲಿಂದ ಹಗ್ಗ ಹಗ್ಗವನ್ನೇ ಒತ್ತಿ ಹಿಸುಕುತ್ತದೆ. ಗಂಟಿನ ಬಗೆ ಯಾವುದೆಂಬುದರ ಮೇಲೆ ಹಗ್ಗದ ಬಲದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಹೋಗಿಬಿಡಬಹುದು.

ಎರಡನೆಯದು, ಬಿಸಿಲು. ನಾನು ತಂದುಕೊಟ್ಟ ತುಂಡು ಕೊಟ್ಟಿಗೆಯ ಮಾಡಿನ ಮೇಲೆ ಎರಡು ಬೇಸಿಗೆ ಕಂಡಿದ್ದ ಅಗ್ಗದ ಪ್ಲಾಸ್ಟಿಕ್ ಹಗ್ಗ. ಅಂದರೆ ಪಾಲಿಪ್ರೊಪಿಲೀನ್. ಬಿಸಿಲಿನ ನೇರಳಾತೀತ ಕಿರಣಕ್ಕೆ ಇದರ ಎಳೆಗಳು ಪುಡಿಪುಡಿಯಾಗುತ್ತವೆ. ಕೈಗೆ ಹುಡಿ ಅಂಟಿದಾಗಲೇ ನನಗೆ ಗೊತ್ತಾಗಬೇಕಿತ್ತು.

ಮೂರನೆಯದು, ಜಗ್ಗು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಎಲ್ಲರೂ ಬರೆದಿರುತ್ತೇವೆ: ಭಾರವನ್ನು ಮೆಲ್ಲಗೆ ಹೇರಿದಾಗ ಬರುವ ಸ್ಟ್ರೆಸ್‌ಗಿಂತ, ಒಮ್ಮೆಲೇ ಬಿಟ್ಟಾಗ ಬರುವುದು ಎರಡು ಪಟ್ಟು. ಹಗ್ಗ ಸಡಿಲವಾಗಿದ್ದು, ಕೊಂಬೆ ಸ್ವಲ್ಪ ದೂರ ಬಿದ್ದು ಆಮೇಲೆ ಜಗ್ಗಿದರೆ ಇನ್ನೂ ಹೆಚ್ಚು. ನಮ್ಮ ಕೊಂಬೆ ಸುಮಾರು ಒಂದು ಮಾರು ಬಿದ್ದು ಜಗ್ಗಿತ್ತು. ಆ ಸೂತ್ರವನ್ನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಸಾಧಿಸಿ ತೋರಿಸಿದ್ದೆ. ತೋಟದಲ್ಲಿ ನೆನಪಾಗಲಿಲ್ಲ.

ತಾತನ ಕಣ್ಣಿ, ಧಕ್ಕೆಯ ದೋಣಿ

ಗಂಟು ಬೇಡವೆಂದರೆ ಹಗ್ಗವನ್ನು ಸೇರಿಸುವುದು ಹೇಗೆ? ಕುಣಿಕೆ ಮಾಡುವುದು ಹೇಗೆ?

ಉತ್ತರ ಕೊಟ್ಟಿಗೆಯಲ್ಲೇ ಇತ್ತು. ತಾತ ದನದ ಕಣ್ಣಿಯನ್ನು ತಾವೇ ಹೊಸೆಯುತ್ತಿದ್ದರು. ಅದರ ತುದಿಯ ಕುಣಿಕೆಯಲ್ಲಿ ಗಂಟೇ ಇಲ್ಲ. ಮೂರೆಳೆಯ ಹಗ್ಗದ ತುದಿಯನ್ನು ಬಿಡಿಸಿ, ಹಗ್ಗದ ಮೈಯಲ್ಲಿ ಸಂದು ಮಾಡಿ, ಒಂದೊಂದು ಎಳೆಯನ್ನೂ ಮೇಲೆ ಕೆಳಗೆ ನುಸುಳಿಸಿ ಹೆಣೆದುಬಿಟ್ಟಿದ್ದಾರೆ. ಇಂಗ್ಲಿಷಿನವರು ಸ್ಪ್ಲೈಸ್ ಎನ್ನುವುದು ಇದನ್ನೇ. ತಾತನಿಗೆ ಆ ಹೆಸರು ಗೊತ್ತಿಲ್ಲ. ‘ಹೆಣೆದು ಬಿಡೋದು’ ಅನ್ನುತ್ತಾರೆ. ಮರಕ್ಕೆ ಕಟ್ಟಿದ ಹೋರಿ ಎಷ್ಟು ಜಗ್ಗಿದರೂ ಅದು ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಅದೇ ತಿಂಗಳು ಮಂಗಳೂರಿನಲ್ಲಿರುವ ಮಾವನ ಮನೆಗೆ ಹೋಗಿದ್ದೆ. ಶಿರಾಡಿ ಘಾಟಿ ಇಳಿದರೆ ನಮಗೆ ಸಮುದ್ರ ದೂರವೇನಲ್ಲ. ಮಾವನ ಜೊತೆ ಧಕ್ಕೆಗೆ ಹೋದಾಗ ಮೀನು ನೋಡುವುದನ್ನು ಬಿಟ್ಟು ದೋಣಿಯ ಹಗ್ಗಗಳನ್ನು ನೋಡುತ್ತಾ ನಿಂತೆ. ಗಂಟುಗಳು ಬಹಳ ಕಡಿಮೆ, ಕುಣಿಕೆಗಳೆಲ್ಲ ಹೆಣೆದವು. ಕಾರಣ ಕೇಳಿದೆ. ಬಲೆ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನಕ್ಕು, ‘ಗಂಟು ಹಾಕಿದ್ರೆ ಕಪ್ಪಿಯಲ್ಲಿ ಸಿಕ್ಕಿ ಬೀಳ್ತದೆ ಮಾರಾಯ್ತಿ’ ಎಂದರು. ಕಪ್ಪಿ ಅಂದರೆ ನಮ್ಮ ಕಡೆಯ ರಾಟೆ. ಬಲದ ಮಾತು ನನಗೆ ಗೊತ್ತಿತ್ತು. ಗಂಟು ರಾಟೆಯನ್ನು ದಾಟುವುದಿಲ್ಲ ಎಂಬುದು ಹೊಳೆದಿರಲಿಲ್ಲ.

ಬಂದರಿನ ಹಗ್ಗದಂಗಡಿಯಲ್ಲಿ ಆರು ಮಿಲಿಮೀಟರ್ ದಪ್ಪದ, ಬಿಳಿ ಮೈಗೆ ನೀಲಿ ಚುಕ್ಕೆಯ ನುಣುಪಾದ ಹಗ್ಗವೊಂದು ಕಂಡಿತು. ಪಾಲಿಯೆಸ್ಟರ್ ಡಬಲ್ ಬ್ರೇಡ್. ಉಳಿದಿದ್ದ ತುಂಡುಗಳನ್ನು ಕಡಿಮೆ ಬೆಲೆಗೆ ಕೊಟ್ಟರು. ಅದರ ತುದಿಯನ್ನು ತಾತನಿಗೆ ತೋರಿಸಿ ‘ಇದಕ್ಕೆ ಹೆಣೆದುಕೊಡು’ ಎಂದೆ. ಅವರು ಎಳೆ ಬಿಡಿಸಲು ನೋಡಿದರು. ಮೂರೆಳೆ ಸಿಗಲಿಲ್ಲ. ಮೇಲಿನ ಸಿಪ್ಪೆ ಹಿಂದೆ ಸರಿಯಿತು, ಒಳಗಿಂದ ಇನ್ನೊಂದು ಹಗ್ಗ ಇಣುಕಿತು. ‘ಇದ್ಯಾವುದೋ ಬಾಳೆದಿಂಡು ಇದ್ದಂಗೈತಲ್ಲ’ ಎಂದು ವಾಪಸ್ ಕೊಟ್ಟರು.

ಹಗ್ಗದೊಳಗೊಂದು ಹಗ್ಗ

ಡಬಲ್ ಬ್ರೇಡ್ ಅಂದರೆ ಅಷ್ಟೇ. ಕೊಳವೆಯಂತೆ ಹೆಣೆದ ಒಂದು ಹಗ್ಗ ಒಳಗೆ. ಅದರ ಮೇಲೆ ಕೊಳವೆಯಂತೆಯೇ ಹೆಣೆದ ಇನ್ನೊಂದು ಹಗ್ಗ. ಒಳಗಿನದನ್ನು ತಿರುಳು, ಹೊರಗಿನದನ್ನು ಹೊದಿಕೆ ಎಂದು ಕರೆಯೋಣ. ಎರಡೂ ಪಾಲಿಯೆಸ್ಟರ್ ಆಗಿದ್ದರೆ ಭಾರವನ್ನು ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಳ್ಳುತ್ತವೆ.

ಇಲ್ಲಿ ಎಳೆ ಬಿಡಿಸಿ ಹೆಣೆಯುವುದಿಲ್ಲ. ಹೊದಿಕೆಯ ಬಾಲವನ್ನು ತಿರುಳಿನ ಹೊಟ್ಟೆಯೊಳಗೆ, ತಿರುಳಿನ ಬಾಲವನ್ನು ಹೊದಿಕೆಯ ಹೊಟ್ಟೆಯೊಳಗೆ ತೂರಿಸಿ ಹೂತುಬಿಡುತ್ತಾರೆ. ಅಂಟಿಲ್ಲ, ಗಂಟಿಲ್ಲ. ಮತ್ತೆ ಹಿಡಿದಿಡುವುದು ಏನು? ಜಾತ್ರೆಯಲ್ಲಿ ಸಿಗುತ್ತಿದ್ದ, ಬೆರಳು ಸಿಕ್ಕಿಸಿದರೆ ಬಿಡದ ಹೆಣೆದ ಓಲೆಯ ಆಟಿಕೆ ನೆನಪಿದೆಯೇ? ಎಳೆದಷ್ಟೂ ಅದು ಉದ್ದವಾಗುತ್ತದೆ, ಉದ್ದವಾದಷ್ಟೂ ಕಿರಿದಾಗಿ ಬೆರಳನ್ನು ಅಮುಕುತ್ತದೆ. ಹೆಣೆದ ಕೊಳವೆಯ ಗುಣವೇ ಅದು. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು.

ಘರ್ಷಣೆಯ ಶಕ್ತಿಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಬೆಲ್ಟ್ ಡ್ರೈವ್ ಪಾಠದ ಸೂತ್ರವನ್ನೇ ತೆಗೆದುಕೊಳ್ಳಿ. ಘರ್ಷಣಾಂಕ 0.25 ಇರುವ ಮರದ ಬೊಡ್ಡೆಗೆ ಹಗ್ಗವನ್ನು ಮೂರು ಸುತ್ತು ಸುತ್ತಿದರೆ, ಒಂದು ಕಡೆಯ ಎಳೆತವನ್ನು ಇನ್ನೊಂದು ಕಡೆ ಅದರ 111ನೇ ಒಂದು ಭಾಗದ ಬಲದಲ್ಲಿ ತಡೆಯಬಹುದು. ನೂರು ಕಿಲೋ ಕೊಂಬೆಗೆ ಒಂದು ಕಿಲೋಗಿಂತ ಕಡಿಮೆ ಸಾಕು. ಮರಗಸಿಯವರು ಪಕ್ಕದ ಮರಕ್ಕೆ ಹಗ್ಗ ಸುತ್ತಿ ಇಳಿಸುವುದು ಇದಕ್ಕೇ. ಸೂತ್ರ ಗೊತ್ತಿರುವ ನನಗಿಂತ ಅವರಿಗೆ ಅದು ಚೆನ್ನಾಗಿ ಗೊತ್ತು. ಸ್ಪ್ಲೈಸ್‌ನಲ್ಲೂ ಕೆಲಸ ಮಾಡುವುದು ಘರ್ಷಣೆಯೇ. ಹಾಗಾಗಿ ಹೂತ ಉದ್ದ ಕಡಿಮೆಯಾಗಬಾರದು. ಸರಿಯಾಗಿ ಮಾಡಿದರೆ ಹಗ್ಗದ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಳಿಯುತ್ತದೆ. ಗಂಟು ಅರ್ಧ ತಿಂದುಹಾಕುವ ಕಡೆ ಇದು ದೊಡ್ಡ ಮಾತು.

ಛತ್ರಿ ಕಡ್ಡಿ ಗೆದ್ದಿತು

ಈ ಕೆಲಸಕ್ಕೆ ಫಿಡ್ ಎಂಬ ಟೊಳ್ಳು ಕಡ್ಡಿ ಬೇಕು. ದಪ್ಪ ಹಗ್ಗಕ್ಕಾದರೆ ಮಾಡಿಸಿಕೊಳ್ಳಬಹುದು. ಆರು ಮಿಲಿಮೀಟರ್ ಹಗ್ಗದ ತಿರುಳು ಪೆನ್ಸಿಲ್‌ಗಿಂತ ತೆಳ್ಳಗಿರುತ್ತದೆ. ಅದರೊಳಗೆ ಇನ್ನೊಂದು ಬಾಲ ತೂರಬೇಕು. ಹಗ್ಗ ಸಣ್ಣದಾದಷ್ಟೂ ಕೆಲಸ ಕಷ್ಟ. ಸಕಲೇಶಪುರದ ಪೇಟೆಯಲ್ಲಿ ಫಿಡ್ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು. ಮನೆಯಲ್ಲಿದ್ದದ್ದೇ ಗತಿ.

ಮೊದಲು ಗೋಣಿಚೀಲ ಹೊಲಿಯುವ ದಬ್ಬಣ. ಕಣ್ಣಿದೆ, ಗಟ್ಟಿ ಇದೆ. ಆದರೆ ಮೊನೆ ಚೂಪು. ಎಳೆಗಳ ನಡುವೆ ಹೋಗುವ ಬದಲು ಎಳೆಗಳನ್ನೇ ಚುಚ್ಚಿ ಸೀಳಿತು. ಸಾಣೆಕಲ್ಲಿಗೆ ಉಜ್ಜಿ ಮೊನೆಯನ್ನು ಮೊಂಡು ಮಾಡಿದ ಮೇಲೆ, ಹೊದಿಕೆಯ ಎಳೆಗಳನ್ನು ಬಿಡಿಸಿ ತಿರುಳನ್ನು ಹೊರಗೆಳೆಯಲು ಅದಕ್ಕಿಂತ ಒಳ್ಳೆಯ ಉಪಕರಣ ಸಿಗಲಿಲ್ಲ. ಆದರೆ ಉದ್ದ ತೂರಲು ಅದು ಗಿಡ್ಡ.

ಆಮೇಲೆ ಬಾಲ್‌ಪೆನ್. ಒಳಗಿನ ರೀಫಿಲ್ ತೆಗೆದರೆ ಒಳ್ಳೆಯ ಕೊಳವೆ. ಆದರೆ ತಿರುಳಿನೊಳಗೆ ಹೋಗಲಾರದಷ್ಟು ದಪ್ಪ. ರೀಫಿಲ್ ಹೋಗುತ್ತದೆ, ಅದರೊಳಗೆ ಹಗ್ಗದ ಬಾಲ ಹಿಡಿಸುವುದಿಲ್ಲ. ಸೈಕಲ್ ಕಡ್ಡಿಯನ್ನು ಎರಡಾಗಿ ಮಡಿಸಿ ಸೂಜಿಗೆ ದಾರ ಪೋಣಿಸುವ ತಂತಿಯಂತೆ ಬಳಸಿದೆ. ನುಸುಳಿತು. ಮಡಿಸಿದ ಮೇಲೆ ಉದ್ದ ಸಾಲಲಿಲ್ಲ.

ಕೊನೆಗೆ ಅಜ್ಜಿ ಮೂಲೆಯಲ್ಲಿದ್ದ ಮುರಿದ ಛತ್ರಿ ತೋರಿಸಿದರು. ಮಲೆನಾಡಿನಲ್ಲಿ ಮುರಿದ ಛತ್ರಿಯಿಲ್ಲದ ಮನೆಯಿಲ್ಲ. ಛತ್ರಿಯ ಕಡ್ಡಿಯನ್ನು ಒಮ್ಮೆ ಗಮನಿಸಿ. ಅಡ್ಡಲಾಗಿ ನೋಡಿದರೆ ಅದು ದೋಣಿಯ ಹಾಗೆ ಮಡಿಸಿದ ತಗಡು. ತೆಳ್ಳಗಿದ್ದರೂ ಬಾಗುವುದಿಲ್ಲ. ತುದಿಯಲ್ಲಿ ಬಟ್ಟೆ ಹೊಲಿಯಲು ಒಂದು ತೂತು ಇರುತ್ತದೆ. ಮೊಳದುದ್ದದ ಸೂಜಿಯೇ ಸರಿ! ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಹಗ್ಗದ ಬಾಲಕ್ಕೆ ಗಟ್ಟಿ ದಾರ ಹೊಲಿದು, ಆ ದಾರವನ್ನು ತೂತಿಗೆ ಕಟ್ಟಿದೆ. ಬಾಲಕ್ಕೆ ಇನ್ಸುಲೇಷನ್ ಟೇಪ್‌ ಅನ್ನು ತುದಿ ಚೂಪಾಗುವಂತೆ ಸುತ್ತಿದೆ. ಸರ್ರನೆ ಹೋಯಿತು.

ಅಳತೆ ತಪ್ಪಿದರೆ ಅಷ್ಟೇ

ಕ್ರಮ ಹೀಗೆ. ಇಲ್ಲಿ ಎಲ್ಲ ಅಳತೆಗೂ ಆಧಾರ ಒಂದು ‘ಕಡ್ಡಿಯ ಉದ್ದ’. ಅದು ಹಗ್ಗದ ದಪ್ಪದ 21 ಪಟ್ಟು. ಆರು ಮಿಲಿಮೀಟರ್ ಹಗ್ಗಕ್ಕೆ 126 ಮಿಲಿಮೀಟರ್, ಅಂದರೆ ಸುಮಾರು 13 ಸೆಂಟಿಮೀಟರ್. ‘ಗಿಡ್ಡ ಅಳತೆ’ ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು ಐದು ಸೆಂಟಿಮೀಟರ್.

ಹಗ್ಗದ ತುದಿಯಿಂದ 13 ಸೆಂಟಿಮೀಟರ್‌ಗೆ ಸ್ಕೆಚ್ ಪೆನ್ನಿನಿಂದ ಒಂದು ಗುರುತು. ಅಲ್ಲಿಂದ ಬೇಕಾದಷ್ಟು ದೊಡ್ಡ ಕುಣಿಕೆ ಬಿಟ್ಟು ಇನ್ನೊಂದು ಗುರುತು. ತಿರುಳು ಹೊರಬರುವುದು ಈ ಎರಡನೇ ಗುರುತಿನಲ್ಲಿ. ಅಲ್ಲಿಂದ ಐದು ಕಡ್ಡಿಯುದ್ದ ಹಿಂದೆ, ಅಂದರೆ ಸುಮಾರು 63 ಸೆಂಟಿಮೀಟರ್‌ನಲ್ಲಿ, ಒಂದು ಜೀರುಗುಣಿಕೆ ಹಾಕಬೇಕು. ಗಂಟಿಲ್ಲದ ಕೆಲಸಕ್ಕೂ ಆರಂಭದಲ್ಲಿ ಒಂದು ಗಂಟು! ಅದಿಲ್ಲದಿದ್ದರೆ ತಿರುಳು ಹೊದಿಕೆಯೊಳಗೆ ಎಲ್ಲಿಗೋ ಸರಿದುಹೋಗುತ್ತದೆ. ನನ್ನ ಮೊದಲ ಪ್ರಯತ್ನ ಕೆಟ್ಟಿದ್ದು ಹೀಗೆಯೇ.

ಎರಡನೇ ಗುರುತಿನಲ್ಲಿ ಹಗ್ಗವನ್ನು ಬಾಗಿಸಿ, ದಬ್ಬಣದಿಂದ ಹೊದಿಕೆ ಬಿಡಿಸಿ, ತಿರುಳಿನ ಬಾಲವನ್ನು ಪೂರ್ತಿ ಹೊರಗೆಳೆಯಬೇಕು. ಹೊರಬಂದ ಜಾಗಕ್ಕೆ ತಿರುಳಿನ ಮೇಲೆ ಒಂದು ಗೆರೆ. ತಿರುಳನ್ನು ಇನ್ನಷ್ಟು ಎಳೆದು, ಅಲ್ಲಿಂದ ಜೀರುಗುಣಿಕೆಯ ಕಡೆಗೆ ಗಿಡ್ಡ ಅಳತೆ ಬಿಟ್ಟು ಎರಡು ಗೆರೆ. ಅದರಾಚೆ ಒಂದು ಕಡ್ಡಿಯುದ್ದ ಮತ್ತು ಒಂದು ಗಿಡ್ಡ ಅಳತೆ ಸೇರಿಸಿ, ಅಂದರೆ 18 ಸೆಂಟಿಮೀಟರ್‌ಗೆ, ಮೂರು ಗೆರೆ. ಈಗ ಖಾಲಿ ಹೊದಿಕೆಯ ಬಾಲದಲ್ಲಿ, ಮೊದಲ ಗುರುತಿನಿಂದ ತುದಿಯ ಕಡೆಗೆ ಏಳು ಜೋಡಿ ಎಳೆ ಎಣಿಸಿ ಗುರುತಿಟ್ಟು, ಅಲ್ಲಿಂದ ಮುಂದೆ ಅಲ್ಲಲ್ಲಿ ಒಂದೊಂದು ಜೋಡಿ ಕತ್ತರಿಸುತ್ತಾ ಬಾಲವನ್ನು ಇಲಿಬಾಲದ ಹಾಗೆ ಸಣ್ಣ ಮಾಡುತ್ತಾ ಹೋಗಬೇಕು. ಒಮ್ಮೆಲೇ ಕೊನೆಗೊಂಡರೆ ಅಲ್ಲಿ ಹಗ್ಗದ ದಪ್ಪ ತಟ್ಟನೆ ಬದಲಾಗುತ್ತದೆ, ಭಾರವೂ ಅಲ್ಲೇ ಕೂರುತ್ತದೆ. ಶಾಫ್ಟ್‌ನಲ್ಲಿ ಮೆಟ್ಟಿಲಿರುವ ಕಡೆ ಫಿಲ್ಲೆಟ್ ಯಾಕೆ ಕೊಡುತ್ತೇವೋ ಅದೇ ಕಾರಣ.

ಛತ್ರಿ ಕಡ್ಡಿ ಎರಡು ಗೆರೆಯಲ್ಲಿ ತಿರುಳಿನೊಳಗೆ ಹೋಗಿ ಮೂರು ಗೆರೆಯಲ್ಲಿ ಹೊರಬರುತ್ತದೆ, ಹೊದಿಕೆಯ ಬಾಲವನ್ನು ಎಳೆದುಕೊಂಡು. ಏಳು ಜೋಡಿ ಎಣಿಸಿಟ್ಟ ಗುರುತು ಎರಡು ಗೆರೆಗೆ ಬಂದಾಗ ನಿಲ್ಲಿಸಬೇಕು. ಆಮೇಲೆ ತಿರುಳಿನ ಬಾಲದ ಸರದಿ. ಅದು ಆ ಏಳು ಜೋಡಿಯ ಗುರುತಿನಲ್ಲಿ ಹೊದಿಕೆಯೊಳಗೆ ಹೊಕ್ಕು, ಕುಣಿಕೆಯನ್ನು ಸುತ್ತಿ, ತಾನು ಮೊದಲು ಹೊರಬಂದ ಜಾಗದಲ್ಲೇ ಮತ್ತೆ ತಲೆ ಹಾಕುತ್ತದೆ. ಎರಡನ್ನೂ ಎಳೆದು ಬಿಗಿ ಮಾಡಿ, ಕುಣಿಕೆಯನ್ನು ನೀವಿ, ಹೊದಿಕೆಯ ಬಾಲ ತಿರುಳಿನೊಳಗೆ ಮರೆಯಾದ ಮೇಲೆ ಹೆಚ್ಚಾಗಿ ಹೊರಬಂದ ತಿರುಳನ್ನೂ ಸಣ್ಣ ಮಾಡಿ ಕತ್ತರಿಸಬೇಕು.

ಕೊನೆಯ ಹಂತ ನೋಡಲು ಚೆಂದ, ಮಾಡಲು ಕಷ್ಟ. ಜೀರುಗುಣಿಕೆಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಹೊದಿಕೆಯನ್ನು ಕುಣಿಕೆಯ ಕಡೆಗೆ ನೀವುತ್ತಾ ಬರಬೇಕು. ಹೊರಗಿದ್ದ ತಿರುಳೆಲ್ಲ ನಿಧಾನಕ್ಕೆ ಹೊದಿಕೆಯೊಳಗೆ ಸೇರುತ್ತದೆ. ಇನ್ನೆರಡು ಬೆರಳು ಇರುವಾಗ ನನ್ನದು ಕಚ್ಚಿಕೊಂಡು ನಿಂತಿತು. ಜೋರಾಗಿ ಎಳೆದು ಅಂಗೈ ಬೊಬ್ಬೆ ಬಂತು. ‘ಜಗ್ಗಬ್ಯಾಡ ಕಣೆ, ಹಾಲು ಕರೆದಂಗೆ ನೀವು’ ಎಂದರು ಅಜ್ಜಿ. ಕುಣಿಕೆಯನ್ನು ಬಗ್ಗಿಸಿ ಸಡಿಲಿಸುತ್ತಾ, ಮೇಲಿನಿಂದ ಸ್ವಲ್ಪ ಸ್ವಲ್ಪವೇ ನೀವಿದಾಗ ಜಾರಿ ಒಳಗೆ ಹೋಯಿತು. ನೋಡಿದರೆ ಎಲ್ಲಿ ಸೇರಿದೆ ಅಂತಲೇ ಗೊತ್ತಾಗದ ಕುಣಿಕೆ. ಜೇನುಮೇಣ ಸವರಿದ ನೈಲಾನ್ ದಾರದಿಂದ ಕುತ್ತಿಗೆಯ ಬಳಿ ನಾಲ್ಕಾರು ಹೊಲಿಗೆ ಹಾಕಿದರೆ ಕೆಲಸ ಪೂರ್ತಿ. ಹಗ್ಗ ಸಡಿಲವಾಗಿದ್ದಾಗ ಬಾಲ ಜಾರದಂತೆ ಕಾಯುವುದು ಆ ಹೊಲಿಗೆ.

ಎಲ್ಲ ಹಗ್ಗಕ್ಕೂ ಇದು ಹೊಂದುವುದಿಲ್ಲ. ಬೆಟ್ಟ ಹತ್ತುವವರ ಹಗ್ಗವೂ ಹೊರಗಿನಿಂದ ಹೀಗೇ ಕಾಣುತ್ತದೆ. ಆದರೆ ಅದರೊಳಗೆ ಟೊಳ್ಳು ಹೆಣಿಗೆ ಇರುವುದಿಲ್ಲ, ಉದ್ದುದ್ದ ಹುರಿಗಳಿರುತ್ತವೆ. ಅದಕ್ಕೆ ಈ ಕ್ರಮ ಸಲ್ಲದು. ಹಳೆಯ ಹಗ್ಗವೂ ಬೇಡ, ಮಣ್ಣು ಹಿಡಿದು ಬಿಗಿದುಕೊಂಡಿರುತ್ತದೆ. ಯಾವ ಹಗ್ಗವೆಂದು ಗೊತ್ತಿಲ್ಲದಿದ್ದರೆ ಒಂದು ತುಂಡನ್ನು ನೀರಿಗೆ ಹಾಕಿ ನೋಡಿ. ಪಾಲಿಪ್ರೊಪಿಲೀನ್ ತೇಲುತ್ತದೆ. ಪಾಲಿಯೆಸ್ಟರ್, ನೈಲಾನ್ ಮುಳುಗುತ್ತವೆ.

ಎಳೆದು ನೋಡಿದೆವು

‘ಗಟ್ಟಿ ಇದೆ’ ಎಂದು ಬಾಯಲ್ಲಿ ಹೇಳುವುದು ಎಷ್ಟು ಸುಲಭವೆಂದು ನನಗೆ ಗೊತ್ತಾಗಿತ್ತು. ಈ ಸಲ ಪರೀಕ್ಷೆ ಬೇಕಿತ್ತು.

ಬೋರ್‌ವೆಲ್ ಪಂಪ್ ಎತ್ತುವ ಒಂದು ಟನ್ನಿನ ಚೈನ್ ಪುಲ್ಲಿಯನ್ನು ಅಪ್ಪ ತಂದರು. ಹಗ್ಗದ ತುಂಡಿನ ಒಂದು ತುದಿಗೆ ನನ್ನ ಸ್ಪ್ಲೈಸ್, ಇನ್ನೊಂದು ತುದಿಗೆ ಗಂಟು ಹಾಕಿದ ಕುಣಿಕೆ. ಎರಡೂ ಮರಗಳ ನಡುವೆ ಕಟ್ಟಿ ಎಳೆಯುವುದು. ಹಗ್ಗ ಹರಿದಾಗ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಅದಕ್ಕೆ ಒದ್ದೆ ಗೋಣಿಚೀಲಗಳನ್ನು ಹಗ್ಗದ ಮೇಲೆ ಹೊದಿಸಿ, ಮನೆಯವರನ್ನೆಲ್ಲ ದೂರ ಕಳಿಸಿ, ಚೈನು ಎಳೆಯುವವರು ದಪ್ಪ ಮರದ ಹಿಂದೆ ನಿಂತೆವು.

ಮೊದಲನೆಯದರಲ್ಲಿ ನನ್ನ ಸ್ಪ್ಲೈಸೇ ಜಾರಿ ಬಂತು. ಕಣ್ಣಳತೆಯಲ್ಲಿ ಮಾಡಿದ್ದೆ, ಹೊಲಿಗೆಯನ್ನೂ ಹಾಕಿರಲಿಲ್ಲ. ಅಪ್ಪ ಏನೂ ಹೇಳದೆ ಚೈನು ಸುತ್ತತೊಡಗಿದರು. ಸ್ಕೇಲು ಇಟ್ಟು ಅಳೆದು ಮತ್ತೆ ಮಾಡಿದ ಎರಡೂ ತುಂಡುಗಳಲ್ಲಿ ಹರಿದದ್ದು ಗಂಟು. ಸರಿಯಾಗಿ ಗಂಟಿನ ಬುಡದಲ್ಲಿ, ತಾತ ಹೇಳಿದ ಜಾಗದಲ್ಲಿ.

ಆ ತುಂಡುಗಳನ್ನು ಕಾಲೇಜಿಗೆ ಒಯ್ದು ಲ್ಯಾಬಿನ ಸರ್‌ಗೆ ಹೆಮ್ಮೆಯಿಂದ ತೋರಿಸಿದೆ. ಅವರು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇದರಿಂದ ನಿನಗೆ ಏನು ಗೊತ್ತಾಯಿತು?’ ಸ್ಪ್ಲೈಸ್ ಗಟ್ಟಿ ಅಂತ, ಎಂದೆ. ‘ಅಲ್ಲ. ಆ ಗಂಟಿಗಿಂತ ಗಟ್ಟಿ ಅಂತ ಗೊತ್ತಾಯಿತು. ಎಷ್ಟು ಗಟ್ಟಿ ಅಂತ ಗೊತ್ತಾಗಲಿಲ್ಲ. ಮೂರರಲ್ಲಿ ಒಂದು ಜಾರಿದೆ ಅನ್ನುವುದೂ ಗೊತ್ತಾಯಿತು’ ಎಂದರು. ಎಷ್ಟು ಸೆಮಿಸ್ಟರ್ ಲ್ಯಾಬ್ ರೆಕಾರ್ಡ್ ಬರೆದರೂ ಕಲಿಯದ ಪಾಠವನ್ನು ಆ ಎರಡು ನಿಮಿಷದಲ್ಲಿ ಕಲಿತೆ. ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿದೆ, ಯಾವುದಕ್ಕೆ ಕೊಟ್ಟಿಲ್ಲ ಎಂಬುದು ಫಲಿತಾಂಶದಷ್ಟೇ ಮುಖ್ಯ.

ಚೀಲಕ್ಕೆ ಸರಿ, ಮನುಷ್ಯರಿಗಲ್ಲ

ಹಾಗಾದರೆ ಈ ಹಗ್ಗವನ್ನು ಯಾವುದಕ್ಕೆ ಬಳಸುವುದು? ಮನೆಯಲ್ಲಿ ಚರ್ಚೆಯಾಯಿತು. ಮರ ಹತ್ತುವವರ ಸೊಂಟಕ್ಕೆ ಕಟ್ಟಬಹುದಲ್ಲ ಎಂದು ಯಾರೋ ಅಂದರು. ನಾನು ಬೇಡ ಅಂದೆ. ಮೂರರಲ್ಲಿ ಒಂದು ಜಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನುಷ್ಯರ ಜೀವಕ್ಕೆ ಹಾಕುವ ಬೆಲ್ಟು, ಹಗ್ಗ ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ ಬಂದಿರಬೇಕು. ಕೊಳ್ಳುವಾಗ ಅದರ ಮೇಲೆ ಐಎಸ್ 3521 ಎಂಬ ಭಾರತೀಯ ಮಾನಕದ ಗುರುತು ಇದೆಯೇ ನೋಡಿ. ಛತ್ರಿ ಕಡ್ಡಿಯಲ್ಲಿ ಮಾಡಿದ ಕುಣಿಕೆಗೆ ಆ ಜಾಗ ಇಲ್ಲ.

ನನ್ನ ಹಗ್ಗ ಮೆಣಸು ಕೊಯ್ಲಿಗೆ ಹೋಯಿತು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕಾಳುಮೆಣಸು ಬಿಡಿಸುವವರು, ಚೀಲ ತುಂಬಿದಾಗಲೆಲ್ಲ ಅದನ್ನು ಹೊತ್ತುಕೊಂಡೇ ಏಣಿ ಇಳಿಯುತ್ತಾರೆ. ಮೇಲೊಂದು ಚಿಕ್ಕ ರಾಟೆ ಸಿಕ್ಕಿಸಿ, ಕುಣಿಕೆಗೆ ಕೊಕ್ಕೆ ಹಾಕಿದರೆ ಚೀಲ ತಾನೇ ಇಳಿಯುತ್ತದೆ, ಖಾಲಿ ಚೀಲ ಮೇಲೇರುತ್ತದೆ. ಗಂಟಿಲ್ಲದ್ದರಿಂದ ರಾಟೆಯಲ್ಲಿ ಸಿಕ್ಕುವುದಿಲ್ಲ. ಚೀಲ ಇಳಿಯುವಾಗ ಕೆಳಗೆ ಯಾರೂ ನಿಲ್ಲಬಾರದೆಂಬ ನಿಯಮ ಮಾಡಿದ್ದೇವೆ. ಆಗ ನಾನು ತಪ್ಪಿದ್ದರೂ ಚೆಲ್ಲುವುದು ಮೆಣಸು ಮಾತ್ರ. ಏಣಿ ಹತ್ತಿಳಿಯುವ ಸಲ ಕಡಿಮೆಯಾಗುವುದೇ ದೊಡ್ಡ ಲಾಭ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಸುತ್ತಲಿನ ಊರುಗಳಲ್ಲಿ ಇದ್ದಾರೆ. ದಿನಗೂಲಿಯವರಿಗೆ ಆಮೇಲೆ ಬದುಕು ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಹಗ್ಗದಲ್ಲಿ ನೇತಾಡಿ ದುಡಿಯುವ ವೃತ್ತಿಯೇ ಬೇರೆ ಇದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆ ರಿಪೇರಿಯಿಂದ ಎತ್ತರದ ಕಟ್ಟಡಗಳವರೆಗೆ ಅವರ ಕೆಲಸ. ಬ್ರಿಟನ್ನಿನಲ್ಲಿ ಹುಟ್ಟಿದ ಇರಾಟಾ ಸಂಸ್ಥೆಯ ಪ್ರಮಾಣಪತ್ರಕ್ಕೆ ಇದರಲ್ಲಿ ಬೆಲೆ. ಮೂರು ಹಂತಗಳಿವೆ. ಒಂದು ಹಂತದಿಂದ ಮುಂದಿನದಕ್ಕೆ ಹೋಗಲು ಕನಿಷ್ಠ ಒಂದು ವರ್ಷ ಮತ್ತು ಹಗ್ಗದ ಮೇಲೆ 1,000 ಗಂಟೆ ಕೆಲಸ ಮಾಡಿದ ದಾಖಲೆ ಬೇಕು. ಪದವಿಗಿಂತ ದುಡಿದ ಗಂಟೆ ಎಣಿಸುವ ಕ್ಷೇತ್ರ ಅದು. ಮರಗಸಿ ಮಾಡುವ ನಮ್ಮೂರಿನ ಹುಡುಗರಿಗೆ ಎತ್ತರದ ಭಯವಿಲ್ಲ. ಅವರಿಗೆ ಈ ದಾರಿಯ ಸುದ್ದಿ ತಲುಪಿಲ್ಲ, ಅಷ್ಟೆ.

ಮೊನ್ನೆ ಅದೇ ಅಣ್ಣ ತೋಟಕ್ಕೆ ಬಂದಿದ್ದರು. ಕುಣಿಕೆಯನ್ನು ಕೈಗೆತ್ತಿಕೊಂಡು, ಎಲ್ಲಿ ಸೇರಿದೆ ಎಂದು ಹುಡುಕಿ, ಸಿಗದೆ ನನ್ನ ಮುಖ ನೋಡಿದರು. ‘ಗಟ್ಟಿ ಐತಾ ಅವ್ವ?’ ಎಂದು ಕೇಳಿದರು.

ಈ ಸಲ ಗಟ್ಟಿ ಇದೆ ಎನ್ನಲಿಲ್ಲ. ‘ಎಳೆದು ನೋಡಿ ಅಣ್ಣ’ ಎಂದೆ. ಅವರು ಕುಣಿಕೆಯನ್ನು ಬೊಡ್ಡೆಗೆ ಸಿಕ್ಕಿಸಿ, ಕಾಲು ಕೊಟ್ಟು, ಮೈಭಾರವೆಲ್ಲ ಬಿಟ್ಟು ಎಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ಮೆಣಸಿನ ಚೀಲ ಕಟ್ಟಿದರು.